ಸಂಶೋಧಕರಿಗೆ ಕೊಟ್ಟ ಮಾತು: 295ಎ ಕಲಮಿನ ಕಥೆ

ಅಧ್ಯಕ್ಷರೇ, ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ವಾಕ್ ಸ್ವಾತಂತ್ರ್ಯದ ಚರ್ಚೆ ನಮ್ಮಲ್ಲಿ ಎದ್ದಾಗಲೆಲ್ಲ ಅದು ಬಹುತೇಕ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಈ ಸ್ವಾತಂತ್ರ್ಯಕ್ಕೆ ಮಿತಿ ಬೇಕೇ, ಬೇಡವೇ? ಇವತ್ತು ಆ ಪ್ರಶ್ನೆಯನ್ನು ನಾನು ಬದಿಗಿಡುತ್ತೇನೆ, ಏಕೆಂದರೆ ಸಂವಿಧಾನದ 19ನೇ ವಿಧಿಯೇ ಮಿತಿಗಳನ್ನು ಹೇಳಿದೆ ಮತ್ತು ಮಿತಿಯೇ ಬೇಡವೆನ್ನುವವರು ಈ ಸಭಾಂಗಣದಲ್ಲೂ ಹೆಚ್ಚು ಮಂದಿ ಇರಲಾರರು. ನಾನು ಎತ್ತಿಕೊಳ್ಳುವುದು ಇದಕ್ಕಿಂತ ಕಿರಿದಾದ ಪ್ರಶ್ನೆ. ನಿಂದಿಸಲೆಂದೇ ಬರೆಯುವವರಿಗೂ, ನಿಜ ಏನೆಂದು ತಿಳಿಯಲು ಹೊರಟು ಬರೆಯುವವರಿಗೂ ನಡುವೆ ನಮ್ಮ ಕಾನೂನು ವ್ಯತ್ಯಾಸ ಮಾಡುತ್ತದೆಯೇ? ಕಾಗದದ ಮೇಲೆ ಖಂಡಿತ ಮಾಡುತ್ತದೆ, ಅದೂ 1927ರಿಂದ, ಧಾರ್ಮಿಕ ಭಾವನೆಗಳನ್ನು ದುರುದ್ದೇಶದಿಂದ ಕೆರಳಿಸುವುದನ್ನು ಶಿಕ್ಷಿಸುವ 295ಎ ಕಲಮು ಭಾರತೀಯ ದಂಡ ಸಂಹಿತೆಗೆ ಸೇರಿದಾಗಿನಿಂದ. ಬಳಕೆಗೆ ಬಂದಾಗ ಆ ವ್ಯತ್ಯಾಸ ಹೇಗೆ ಸವೆದುಹೋಯಿತು ಎಂಬುದು ಇಂದಿನ ವಿಷಯ.

1924ರಲ್ಲಿ ಲಾಹೋರಿನಲ್ಲಿ ‘ರಂಗೀಲಾ ರಸೂಲ್’ ಎಂಬ ಕಿರುಹೊತ್ತಗೆ ಪ್ರಕಟವಾಯಿತು. ಪ್ರವಾದಿ ಮಹಮ್ಮದರ ಖಾಸಗಿ ಬದುಕನ್ನು ಆಡಿಕೊಳ್ಳುವುದೇ ಅದರ ಗುರಿಯಾಗಿತ್ತು. ಅದನ್ನು ಸಂಶೋಧನೆ ಎಂದು ಕರೆಯಲು ನನಗಂತೂ ಮನಸ್ಸು ಬಾರದು. ಹೊತ್ತಗೆಯ ಮೇಲೆ ಲೇಖಕರ ಹೆಸರು ಇರಲಿಲ್ಲ, ಪ್ರಕಾಶಕರಾದ ಮಹಾಶಯ ರಾಜಪಾಲರು ಅದನ್ನು ಬಾಯಿಬಿಡಲೂ ಇಲ್ಲ. ಕೋಮುಗಳ ನಡುವೆ ದ್ವೇಷ ಬಿತ್ತುವುದನ್ನು ಶಿಕ್ಷಿಸುವ 153ಎ ಕಲಮಿನಡಿ ಕೆಳ ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿತು. 1927ರ ಮೇ ತಿಂಗಳಲ್ಲಿ ಲಾಹೋರ್ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್ ಅವರು ರಾಜಪಾಲರನ್ನು ಬಿಡುಗಡೆ ಮಾಡಿದರು. ಹೊತ್ತಗೆ ಕೀಳು ಅಭಿರುಚಿಯದೆಂದು ಒಪ್ಪಿಕೊಂಡೇ ಅವರು ಹೇಳಿದ್ದು ಇಷ್ಟು: 153ಎ ಇರುವುದು ಈಗ ಬದುಕಿರುವ ಸಮುದಾಯಗಳ ನಡುವೆ ಹಗೆ ಹುಟ್ಟಿಸುವುದನ್ನು ತಡೆಯಲು, ಗತಿಸಿದ ಧರ್ಮಗುರುವಿನ ಮೇಲಿನ ಟೀಕೆಯನ್ನೆಲ್ಲ ಅದರೊಳಗೆ ಸೇರಿಸಿದರೆ, ನಾಳೆ ಒಬ್ಬ ಗಂಭೀರ ಇತಿಹಾಸಕಾರ ಪ್ರವಾದಿಯ ಜೀವನವನ್ನು ಪರಿಶೀಲಿಸಿ ತನ್ನ ತೀರ್ಮಾನ ಬರೆದರೂ ಅದೇ ಕಲಮಿನಲ್ಲಿ ಸಿಕ್ಕಿಬೀಳುತ್ತಾನೆ. ಕೊಳಕು ಹೊತ್ತಗೆಯೊಂದರ ವಿಚಾರಣೆಯಲ್ಲಿ, ಇನ್ನೂ ಬರೆಯದಿದ್ದ ಇತಿಹಾಸಕಾರನೊಬ್ಬನ ಬಗ್ಗೆ ನ್ಯಾಯಾಧೀಶರು ಯೋಚಿಸಿದ್ದರು.

ತೀರ್ಪಿಗೆ ಪಂಜಾಬಿನಲ್ಲಿ ಭಾರೀ ಪ್ರತಿಭಟನೆ ಎದ್ದಿತು. ಸರ್ಕಾರ ಅದೇ ವರ್ಷ ಕೇಂದ್ರ ಶಾಸನಸಭೆಯಲ್ಲಿ ಹೊಸ ಮಸೂದೆ ತಂದಿತು, ಅದೇ ಮುಂದೆ 295ಎ ಆಯಿತು. ಆ ಚರ್ಚೆಯನ್ನು ಓದಿದರೆ ಸದಸ್ಯರು ಕಣ್ಣುಮುಚ್ಚಿ ಕೈಯೆತ್ತಿದವರಲ್ಲ ಎಂಬುದು ತಿಳಿಯುತ್ತದೆ. ಮಸೂದೆಯನ್ನು ಬೆಂಬಲಿಸಿದ ಮಹಮ್ಮದ್ ಅಲಿ ಜಿನ್ನಾ ಅವರೇ, ಇತಿಹಾಸದ ಕೆಲಸ ಮಾಡುವವರಿಗೆ, ಸತ್ಯಶೋಧನೆಯಲ್ಲಿ ತೊಡಗಿದವರಿಗೆ ಮತ್ತು ಧರ್ಮವೊಂದನ್ನು ಪ್ರಾಮಾಣಿಕವಾಗಿ ವಿಮರ್ಶಿಸುವವರಿಗೆ ರಕ್ಷಣೆ ಇರಲೇಬೇಕು, ಅದು ಮೂಲಭೂತ ತತ್ತ್ವ ಎಂದು ಸಭೆಗೆ ನೆನಪಿಸಿದರು. ಮಸೂದೆಯನ್ನು ಪರಿಶೀಲಿಸಿದ ಸಮಿತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಮಾಜ ಸುಧಾರಣೆಗೆ ಹೊರಟ ಲೇಖಕರು ತಮ್ಮ ಟೀಕೆ ಜನರ ಗಮನಕ್ಕೆ ಬರಲಿ ಎಂದು, ಸದುದ್ದೇಶದಿಂದಲೇ, ಬೇಕೆಂತಲೇ ಆಘಾತ ಕೊಡಬಹುದು. ಹಾಗೆ ಕೊಟ್ಟವರು ಅಪರಾಧಿಗಳಾಗಬಾರದು ಎಂಬ ವಾದ ಸಮಿತಿಗೆ ಒಪ್ಪಿಗೆಯಾಯಿತು. ಆದ್ದರಿಂದಲೇ ‘ಉದ್ದೇಶಪೂರ್ವಕ’ ಎಂದಷ್ಟೇ ಇದ್ದ ಕಡೆ ‘ದುರುದ್ದೇಶ’ವನ್ನೂ ಸೇರಿಸಲಾಯಿತು. ಬೇಕೆಂದು ನೋಯಿಸಿದರೆ ಸಾಲದು, ಕೇಡು ಬಗೆಯುವ ಮನಸ್ಸಿನಿಂದ ನೋಯಿಸಿರಬೇಕು. ಸುಧಾರಕರ ಕಟುಮಾತು ಸೆರೆಮನೆಗೆ ದಾರಿಯಾಗಬಾರದು ಎಂದು ಲಿಖಿತವಾಗಿ ಕೊಟ್ಟ ಭರವಸೆ ಇದು. ನಮ್ಮ ನಾಡಿನಲ್ಲಿ ಜಾತಿಯ ವಿರುದ್ಧ, ಮೂಢನಂಬಿಕೆಯ ವಿರುದ್ಧ ಮಾತನಾಡಿದವರಲ್ಲಿ ಮೃದುವಾಗಿ ಮಾತನಾಡಿದವರು ಎಷ್ಟು ಜನ ಎಂದು ಯೋಚಿಸಿದರೆ ಈ ಭರವಸೆಯ ಬೆಲೆ ಅರ್ಥವಾಗುತ್ತದೆ.

ರಾಜಪಾಲರನ್ನು ಮಾತ್ರ ಯಾವ ಕಾನೂನೂ ಉಳಿಸಲಿಲ್ಲ. 1929ರ ಏಪ್ರಿಲ್‌ನಲ್ಲಿ ಅವರನ್ನು ಇರಿದು ಕೊಂದರು. ಕೊಂದ ಯುವಕ ಇಲ್ಮುದ್ದೀನ್‌ನನ್ನು ಅದೇ ವರ್ಷ ಅಕ್ಟೋಬರ್‌ನಲ್ಲಿ ಗಲ್ಲಿಗೇರಿಸಲಾಯಿತು. ಹೊಸ ಕಲಮು ಬಂದರೆ ರೊಚ್ಚು ತಣಿಯುತ್ತದೆ ಎಂದು ನಂಬಿದ್ದವರಿಗೆ ಉತ್ತರ ಅಷ್ಟು ಬೇಗ ಸಿಕ್ಕಿತ್ತು.

ಇನ್ನು ಸ್ವತಂತ್ರ ಭಾರತದ ಕಾಲಕ್ಕೆ ಬರೋಣ. 1950ರ ರೊಮೇಶ್ ಥಾಪರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪತ್ರಿಕೆಯೊಂದರ ಮೇಲಿನ ನಿರ್ಬಂಧವನ್ನು ರದ್ದುಪಡಿಸಿದ ಮೇಲೆ, 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಬಂದು ಮಿತಿಗಳ ಪಟ್ಟಿಗೆ ‘ಸಾರ್ವಜನಿಕ ಸುವ್ಯವಸ್ಥೆ’ ಸೇರಿತು. ಆ ಪಟ್ಟಿಯಲ್ಲಿ ಇಂದಿಗೂ ‘ಧಾರ್ಮಿಕ ಭಾವನೆ’ ಎಂಬ ಬಾಬತ್ತು ಇಲ್ಲ ಎಂಬುದನ್ನು ಗಮನಿಸಬೇಕು. ಹಾಗಾದರೆ 295ಎ ಹೇಗೆ ಸಿಂಧುವಾಗುತ್ತದೆ? 1957ರ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಉತ್ತರಿಸಿತು: ಈ ಕಲಮು ಎಲ್ಲ ನಿಂದನೆಯನ್ನೂ ಶಿಕ್ಷಿಸುವುದಿಲ್ಲ, ದುರುದ್ದೇಶದಿಂದ ಮಾಡಿದ ತೀವ್ರ ಸ್ವರೂಪದ ನಿಂದನೆಯನ್ನು ಮಾತ್ರ ಶಿಕ್ಷಿಸುತ್ತದೆ; ಅಂಥ ನಿಂದನೆಗೆ ಸುವ್ಯವಸ್ಥೆಯನ್ನು ಕದಡುವ ಗುಣ ಇದ್ದೇ ಇರುತ್ತದೆ; ಆದ್ದರಿಂದ ಕಲಮು ಊರ್ಜಿತ.

ತೀರ್ಪಿನ ಮಾತುಗಳು ತೂಕವಾಗಿಯೇ ಇವೆ. ಆದರೆ ಅದರಿಂದ ಒಂದು ಅನರ್ಥವೂ ಹುಟ್ಟಿತು ಎಂದು ನಾನು ತಿಳಿದಿದ್ದೇನೆ. ಭಾವನೆಗೂ ಸುವ್ಯವಸ್ಥೆಗೂ ಗಂಟು ಹಾಕಿದ ಮೇಲೆ, ತಮ್ಮ ಭಾವನೆಗೆ ಧಕ್ಕೆಯಾಗಿದೆ ಎಂದು ಸಾಬೀತು ಮಾಡಬೇಕಾದವರಿಗೆ ಸುವ್ಯವಸ್ಥೆಯನ್ನು ಕೆಡಿಸಿ ತೋರಿಸುವುದೇ ಸುಲಭದ ದಾರಿಯಾಗಿ ಕಂಡಿತು. ಬಸ್ಸಿನ ಗಾಜು ಒಡೆದಷ್ಟೂ ಪುಸ್ತಕ ಹೆಚ್ಚು ಅಪಾಯಕಾರಿ ಎನಿಸತೊಡಗಿತು. 1989ರಲ್ಲಿ ತಮಿಳು ಚಿತ್ರವೊಂದಕ್ಕೆ ಸಂಬಂಧಿಸಿದ ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತರ್ಕವನ್ನು ತಡೆಯಲು ನೋಡಿತು: ಗಲಭೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ತಡೆದರೆ ಅದು ಕಾನೂನಿನ ಆಳ್ವಿಕೆಯನ್ನೇ ಅಲ್ಲಗಳೆದಂತೆ, ಬೆದರಿಸುವವರಿಗೆ ಶರಣಾದಂತೆ, ವಿರೋಧಿಗಳ ಗುಂಪನ್ನು ನಿಭಾಯಿಸಲಾರೆ ಎಂಬ ನೆಪವನ್ನು ಸರ್ಕಾರ ಹೇಳುವಂತಿಲ್ಲ. ತೀರ್ಪು ಬಂದು ಮೂರೂವರೆ ದಶಕ ಕಳೆದಿದೆ, ನೆಪ ಮಾತ್ರ ಚಲಾವಣೆಯಲ್ಲಿದೆ.

ಮೊಕದ್ದಮೆಗಿಂತ ಹೆಚ್ಚು ಕೆಲಸ ಮಾಡಿರುವುದು ಪುಸ್ತಕದ ಮುಟ್ಟುಗೋಲು. ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮು, ಈಗ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮು, ರಾಜ್ಯ ಸರ್ಕಾರಕ್ಕೆ ಆ ಅಧಿಕಾರ ಕೊಡುತ್ತದೆ. ಪುಸ್ತಕದಲ್ಲಿ ಶಿಕ್ಷಾರ್ಹ ಸಂಗತಿ ಇದೆ ಎಂದು ಸರ್ಕಾರಕ್ಕೆ ‘ಕಂಡುಬಂದರೆ’ ಸಾಕು, ಕಾರಣಗಳನ್ನು ಬರೆದು ಅಧಿಸೂಚನೆ ಹೊರಡಿಸಿ ಎಲ್ಲ ಪ್ರತಿಗಳನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. ಬಾಧಿತರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬೇಕು, ಅಲ್ಲಿ ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಕೇಳುತ್ತದೆ. ಅಂದರೆ ಮೊದಲು ಪುಸ್ತಕ ಹೋಗುತ್ತದೆ, ವಾದ ಆಮೇಲೆ ಬರುತ್ತದೆ. ಸರ್ಕಾರ ಕಾರಣ ಬರೆಯಲು ಮರೆತರೆ ಮಾತ್ರ ಲೇಖಕರ ಅದೃಷ್ಟ: ಪೆರಿಯಾರರ ರಾಮಾಯಣ ವಿಮರ್ಶೆಯ ಹಿಂದಿ ಅನುವಾದವನ್ನು ಉತ್ತರ ಪ್ರದೇಶ ಸರ್ಕಾರ 1969ರಲ್ಲಿ ಮುಟ್ಟುಗೋಲು ಹಾಕಿಕೊಂಡಿತ್ತು, ಆದೇಶದಲ್ಲಿ ಕಾರಣಗಳೇ ಇಲ್ಲವೆಂದು ಅಲಹಾಬಾದ್ ಹೈಕೋರ್ಟ್ ಅದನ್ನು ರದ್ದುಮಾಡಿತು, 1976ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ನಮ್ಮದೇ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಡಾ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿ 1995ರಲ್ಲಿ ಪ್ರಕಟವಾಯಿತು. ಹನ್ನೆರಡನೆಯ ಶತಮಾನದ ಕಲ್ಯಾಣವೇ ಅದರ ಕಥಾವಸ್ತು. ಬಸವಣ್ಣನವರ ಅಕ್ಕ ನಾಗಮ್ಮ ಹಾಗೂ ಚನ್ನಬಸವಣ್ಣನವರ ಕುರಿತ ಕೆಲವು ಭಾಗಗಳಿಗೆ ಆಕ್ಷೇಪ ಬಂದು, 1997ರಲ್ಲಿ ರಾಜ್ಯ ಸರ್ಕಾರ ಕಾದಂಬರಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಆದೇಶವನ್ನು ಪ್ರಶ್ನಿಸಿದರು. ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು. 2007ರ ಮೇ ತಿಂಗಳಲ್ಲಿ ಅಲ್ಲೂ ಸೋತರು. ಹತ್ತು ವರ್ಷ ಹಿಡಿದ ಆ ತೀರ್ಪನ್ನು ನಾನು ಮತ್ತೆ ಮತ್ತೆ ಓದುವುದು ಫಲಿತಾಂಶಕ್ಕಾಗಿ ಅಲ್ಲ, ಅದರಲ್ಲಿ ಕ್ರೋಡೀಕರಿಸಿರುವ ನಿಯಮಗಳಿಗಾಗಿ. ಮುಟ್ಟುಗೋಲಿನ ಅಧಿಕಾರ ಕಠಿಣವಾದ್ದರಿಂದ ಅದನ್ನು ಬಿಗಿಯಾಗಿ ಅರ್ಥೈಸಬೇಕು ಎಂದು ನ್ಯಾಯಾಲಯ ಹೇಳುತ್ತದೆ. ಆದರೆ ಅದರ ಜೊತೆಯಲ್ಲೇ, ಲೇಖಕರಿಗೆ ಅಪರಾಧಿಕ ಉದ್ದೇಶವಿತ್ತು ಎಂಬುದನ್ನು ಆ ಹಂತದಲ್ಲಿ ಸರ್ಕಾರ ಪೂರ್ತಿಯಾಗಿ ಸಾಬೀತುಪಡಿಸಬೇಕಿಲ್ಲ ಎನ್ನುತ್ತದೆ. ಸರ್ಕಾರದ ಮೇಲ್ನೋಟದ ಅಭಿಪ್ರಾಯವನ್ನು ಅಲುಗಿಸುವ ಹೊಣೆ, ಉದ್ದೇಶದ ಪ್ರಶ್ನೆಯೂ ಸೇರಿದಂತೆ, ಅರ್ಜಿದಾರರದು ಎನ್ನುತ್ತದೆ. ಹಗೆ ಬೆಳೆಸುವಂತಿರುವ ಬರಹ ನಡೆದ ಸಂಗತಿಯ ನಿಜವಾದ ವಿವರಣೆಯೇ ಆಗಿದ್ದರೂ, ಒಳ್ಳೆಯ ಆಧಾರ ಇದ್ದರೂ, ಅದೇ ಸಮರ್ಥನೆಯಾಗದು ಎಂದೂ ಹೇಳುತ್ತದೆ.

1927ರ ಸಮಿತಿಯ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ವ್ಯಕ್ತಿಯನ್ನು ಜೈಲಿಗೆ ಕಳಿಸಲು ಸರ್ಕಾರ ದುರುದ್ದೇಶವನ್ನು ಸಾಬೀತು ಮಾಡಬೇಕು. ಅದೇ ವ್ಯಕ್ತಿಯ ಪುಸ್ತಕವನ್ನು ಓದುಗರ ಕೈಯಿಂದ ಕಸಿದುಕೊಳ್ಳಲು ಅಷ್ಟು ಬೇಕಾಗಿಲ್ಲ, ದುರುದ್ದೇಶ ಇರಲಿಲ್ಲವೆಂದು ಬರೆದವರ ಕಡೆಯವರೇ ತೋರಿಸಬೇಕು. ಸಂಶೋಧಕರಿಗೆ ಕೊಟ್ಟ ಮಾತು ಅವರ ಮೈಗೆ ಅನ್ವಯಿಸಿತು, ಬರಹಕ್ಕೆ ಅನ್ವಯಿಸಲಿಲ್ಲ. ಕಾದಂಬರಿಯ ಆ ಪುಟಗಳ ಗುಣದೋಷದ ಬಗ್ಗೆ ಓದುಗರಲ್ಲಿ ಭಿನ್ನಾಭಿಪ್ರಾಯ ಇರಬಹುದು, ಅದಕ್ಕೆ ನೊಂದವರ ನೋವು ನಟನೆಯೂ ಆಗಿರಲಿಲ್ಲ. ನನ್ನ ತಕರಾರು ಇರುವುದು ಸಾಕ್ಷ್ಯದ ಹೊಣೆ ಯಾರ ಹೆಗಲ ಮೇಲೆ ಬಿತ್ತು ಎಂಬುದರ ಬಗ್ಗೆ.

ಇದೇ ಚಾರಿತ್ರಿಕ ಪ್ರಶ್ನೆ ಕಾದಂಬರಿಗಿಂತ ಮೊದಲೇ ಸಂಶೋಧನೆಯಲ್ಲಿ ಬಂದಿತ್ತು. ಡಾ. ಎಂ.ಎಂ. ಕಲಬುರ್ಗಿ ಅವರು ‘ಮಾರ್ಗ’ ಸಂಪುಟದ ಲೇಖನವೊಂದರಲ್ಲಿ ವಚನಗಳ ಆಧಾರದಿಂದಲೇ ಚನ್ನಬಸವಣ್ಣನವರ ಜನನದ ಬಗ್ಗೆ ಊಹೆಯೊಂದನ್ನು ಮುಂದಿಟ್ಟಿದ್ದರು. ಆ ಊಹೆಯ ವಿವರಕ್ಕೆ ನಾನು ಈ ವೇದಿಕೆಯಿಂದ ಹೋಗುವುದಿಲ್ಲ. ಹೋಗಲು ಹಿಂಜರಿಯುತ್ತೇನೆ ಎಂಬುದೂ ಇಂದಿನ ವಿಷಯದ ಭಾಗವೇ ಎಂದು ತಿಳಿಯಿರಿ. 1989ರಲ್ಲಿ ಒತ್ತಡಕ್ಕೆ ಮಣಿದು ಅವರು ಆ ಬರಹವನ್ನು ಹಿಂತೆಗೆದುಕೊಂಡರು. ಕುಟುಂಬದವರ ಜೀವ ಉಳಿಸಲು ಹಾಗೆ ಮಾಡಿದೆ, ಆದರೆ ಅಂದು ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂಬ ಅರ್ಥದ ಮಾತನ್ನು ಅವರೇ ಆಮೇಲೆ ಆಡಿದರು. ಯಾವ ನ್ಯಾಯಾಲಯವೂ ಅವರ ಆಧಾರಗಳನ್ನು ತೂಗಿ ನೋಡಿರಲಿಲ್ಲ. ಶಾಸನಶಾಸ್ತ್ರ ಮತ್ತು ವಚನಗಳ ಪಾಠಪರಿಷ್ಕರಣದಲ್ಲಿ ಜೀವ ಸವೆಸಿದ ವಿದ್ವಾಂಸರೊಬ್ಬರ ತರ್ಕ ಸರಿಯೋ ತಪ್ಪೋ ಎಂಬುದನ್ನು ಇನ್ನೊಬ್ಬ ವಿದ್ವಾಂಸರು ಎದುರು ಲೇಖನ ಬರೆದು ತೀರ್ಮಾನಿಸುವ ಅವಕಾಶವೇ ಅಲ್ಲಿಗೆ ಮುಚ್ಚಿಹೋಯಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣ ನಗರದ ಮನೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಒತ್ತಡ ಎಂದರೆ ಯಾವಾಗಲೂ ಬೀದಿಯ ಗುಂಪೇ ಆಗಬೇಕಿಲ್ಲ, ಕಚೇರಿಯ ಮೇಜಿನ ಮೇಲೂ ಅದು ನಡೆಯುತ್ತದೆ. ಅದೇ 2015ರ ಜನವರಿಯಲ್ಲಿ ತಮಿಳುನಾಡಿನ ನಾಮಕ್ಕಲ್‌ನಲ್ಲಿ ಜಿಲ್ಲಾ ಕಂದಾಯ ಅಧಿಕಾರಿಗಳು ‘ಶಾಂತಿ ಸಭೆ’ ಕರೆದರು. ತಮಿಳು ಲೇಖಕ ಪೆರುಮಾಳ್ ಮುರುಗನ್ ಅವರು ವಿರೋಧಕ್ಕೆ ಗುರಿಯಾಗಿದ್ದ ತಮ್ಮ ಕಾದಂಬರಿಗಾಗಿ ಬೇಷರತ್ ಕ್ಷಮೆ ಕೇಳಿ, ಉಳಿದ ಪ್ರತಿಗಳನ್ನು ಹಿಂಪಡೆಯುವುದಾಗಿ ಸಹಿ ಹಾಕಿ ಹೊರಬಂದರು. ಬರಹಗಾರ ಮುರುಗನ್ ಸತ್ತಿದ್ದಾನೆ ಎಂದು ಘೋಷಿಸಿದರು. ಮುಟ್ಟುಗೋಲಿನ ಅಧಿಸೂಚನೆಯಾದರೂ ಹೈಕೋರ್ಟಿನಲ್ಲಿ ಪ್ರಶ್ನಿಸಲು ಕೈಗೆ ಸಿಗುವ ಒಂದು ಆದೇಶ, ಇದು ‘ಒಪ್ಪಂದ’. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್, ಆ ಸಭೆಯ ತೀರ್ಮಾನಕ್ಕೆ ಕಾನೂನಿನ ಬಲವಿಲ್ಲ, ಲೇಖಕರು ಬರೆಯುವುದಕ್ಕೆ ಮರಳಲಿ ಎಂದು ಹೇಳಿತು. ಅವರು ಮರಳಿದರು. ಹಾಗೆ ಮರಳದೆ ಉಳಿದವರ ಪುಸ್ತಕಗಳು ನಮಗೆ ಗೊತ್ತಾಗುವುದೇ ಇಲ್ಲ.

ಇಲ್ಲಿ ಎದುರು ಪಕ್ಷದ ವಾದವನ್ನು ಹಗುರಾಗಿ ತಳ್ಳಿಹಾಕಲು ಆಗುವುದಿಲ್ಲ. ಮಾತು ಬರೀ ಮಾತಲ್ಲ, ಅದು ಬಲಹೀನರ ಮೇಲೆ ಕೈಯೆತ್ತಲು ಪೀಠಿಕೆಯಾಗುತ್ತದೆ ಎನ್ನುವವರ ಆತಂಕಕ್ಕೆ ನಮ್ಮ ಊರುಗಳಲ್ಲೇ ಪುರಾವೆ ಇದೆ. ಜಾತಿಯ ಹೆಸರು ಹಿಡಿದು ಬೈಯುವುದನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಶಿಕ್ಷಿಸುವುದು ನ್ಯಾಯವೇ. ಆದರೆ ಅಲ್ಲಿ ಕಾನೂನು ಕಾಯುವುದು ಬದುಕಿರುವ ಮನುಷ್ಯರನ್ನು. 295ಎ ಕಾಯುವುದು ನಂಬಿಕೆಯನ್ನು. ಈ ಎರಡನ್ನೂ ‘ದ್ವೇಷದ ಮಾತು’ ಎಂಬ ಒಂದೇ ಚೀಲಕ್ಕೆ ತುಂಬಿದಾಗ ನಷ್ಟವಾಗುವುದು ಮೊದಲು ಬಲಹೀನರಿಗೇ, ಏಕೆಂದರೆ ತಮ್ಮನ್ನು ಕೆಳಗಿಟ್ಟ ನಂಬಿಕೆಯನ್ನು ಕಟುವಾಗಿ ಪ್ರಶ್ನಿಸುವುದು ಅವರಿಗೆ ಅನಿವಾರ್ಯ. ವೈಜ್ಞಾನಿಕ ಮನೋಭಾವ, ಜಿಜ್ಞಾಸೆ ಮತ್ತು ಸುಧಾರಣೆಯ ಪ್ರವೃತ್ತಿಯನ್ನು ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯವೆಂದು 51ಎ ವಿಧಿ ಹೇಳುತ್ತದೆ. ಆ ಕರ್ತವ್ಯ ಮಾಡಹೋದವರು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂರಬೇಕಾದರೆ ವ್ಯವಸ್ಥೆಯಲ್ಲಿ ಎಲ್ಲೋ ಎಡವಟ್ಟಾಗಿದೆ.

ಎಡವಟ್ಟು ಎಲ್ಲಿ ಎಂಬುದನ್ನೂ ಗುರುತಿಸಬಹುದು. 295ಎ ಅಡಿ ಪ್ರಕರಣವನ್ನು ನ್ಯಾಯಾಲಯ ವಿಚಾರಣೆಗೆ ಅಂಗೀಕರಿಸಲು ಸರ್ಕಾರದ ಪೂರ್ವಾನುಮತಿ ಬೇಕು. ಇದೊಂದು ದೊಡ್ಡ ತಡೆಗೋಡೆಯಂತೆ ಕಾಣುತ್ತದೆ. ಆದರೆ ಅನುಮತಿ ಬೇಕಿರುವುದು ನ್ಯಾಯಾಲಯದ ಬಾಗಿಲಲ್ಲಿ, ಠಾಣೆಯಲ್ಲಲ್ಲ. ಅಪರಾಧ ಸಂಜ್ಞೇಯ ಮತ್ತು ಜಾಮೀನುರಹಿತವಾದ್ದರಿಂದ, ಎಲ್ಲಿಯೋ ಒಬ್ಬರು ದೂರು ಕೊಟ್ಟರೆ ಎಫ್‌ಐಆರ್ ದಾಖಲಿಸಿ ವಾರಂಟ್ ಇಲ್ಲದೆ ಬಂಧಿಸಬಹುದು. ಅನುಮತಿಯ ಪ್ರಶ್ನೆ ತಿಂಗಳುಗಳಾದ ಮೇಲೆ ಬಂದರೂ ಬಂದೀತು. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ ಅಪರಾಧ 299ನೇ ಕಲಮಾಗಿ, ಮೂರು ವರ್ಷದವರೆಗಿನ ಅದೇ ಶಿಕ್ಷೆಯೊಂದಿಗೆ ಮುಂದುವರಿದಿದೆ. ಹೆಸರು ಬದಲಾಯಿತೇ ಹೊರತು ಈ ಅಂತರ ಮುಚ್ಚಲಿಲ್ಲ.

ಅದನ್ನು ಸ್ವಲ್ಪಮಟ್ಟಿಗೆ ಮುಚ್ಚಬಲ್ಲದ್ದು ಬೇರೊಂದು ಕಡೆಯಿಂದ ಬಂದಿದೆ. ನಾಗರಿಕ ಸುರಕ್ಷಾ ಸಂಹಿತೆಯ 173(3) ಉಪಕಲಮಿನ ಪ್ರಕಾರ, ಮೂರು ವರ್ಷ ಅಥವಾ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ, ಪೊಲೀಸರು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯ ಅನುಮತಿ ಪಡೆದು, 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. 2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ, ಕವಿತೆಯೊಂದರ ಮೇಲೆ ಗುಜರಾತಿನಲ್ಲಿ ದಾಖಲಾಗಿದ್ದ ಎಫ್‌ಐಆರ್ ರದ್ದುಪಡಿಸಿದ ಸುಪ್ರೀಂ ಕೋರ್ಟ್, ಮಾತು-ಬರಹಕ್ಕೆ ಸಂಬಂಧಿಸಿದ ಇಂಥ ದೂರುಗಳಲ್ಲಿ ಮೊದಲು ಈ ವಿಚಾರಣೆ ನಡೆಸುವುದೇ ಯಾವಾಗಲೂ ಸೂಕ್ತ ಎಂದಿದೆ. ಆಡಿದ ಮಾತಿನ ಪರಿಣಾಮವನ್ನು ಅಳೆಯಬೇಕಾದದ್ದು ದೃಢಮನಸ್ಸಿನ, ಧೈರ್ಯವಂತ ವ್ಯಕ್ತಿಯ ದೃಷ್ಟಿಯಿಂದಲೇ ಹೊರತು ಪ್ರತಿ ಟೀಕೆಯಲ್ಲೂ ಅಪಾಯ ಕಾಣುವವರ ದೃಷ್ಟಿಯಿಂದಲ್ಲ ಎಂದೂ ಹೇಳಿದೆ. ಇದು ಠಾಣೆಯ ಮಟ್ಟದಲ್ಲಿ ನಿಜವಾಗಿ ಪಾಲನೆಯಾದರೆ ದುರುದ್ದೇಶದ ಪ್ರಶ್ನೆ ಬಂಧನಕ್ಕೆ ಮುಂಚೆ ಬರುತ್ತದೆ, ಅದು ಸಣ್ಣ ಬದಲಾವಣೆಯಲ್ಲ. ಇಲ್ಲಿ ಕುಳಿತಿರುವ ಕಾನೂನು ವಿದ್ಯಾರ್ಥಿಗಳು ತಮ್ಮ ಜಿಲ್ಲೆಯಲ್ಲಿ ಈ ಕಲಮಿನ ಬಳಕೆ ಹೇಗಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿ ನೋಡಬಹುದು. ಮುಟ್ಟುಗೋಲಿನ ವಿಷಯದಲ್ಲಿ ಮಾತ್ರ ಇಂಥ ಪೂರ್ವಭಾವಿ ವಿಚಾರಣೆ ಯಾವುದೂ ಇಲ್ಲ. 98ನೇ ಕಲಮಿನಲ್ಲಿ ಇಂದಿಗೂ ಸರ್ಕಾರಕ್ಕೆ ‘ಕಂಡುಬಂದರೆ’ ಸಾಕು.