ಹುಲ್ಲು ಹೊಡೆಯುವ ಎಂಜಿನ್ ವಿಮಾನದ ಮೂತಿಗೆ: 43 ಸಿಸಿ ಬ್ರಷ್ ಕಟ್ಟರ್ ಕನ್ವರ್ಷನ್

[ತೆರೆ: ಮೇಜಿನ ಮೇಲೆ ಬ್ರಷ್ ಕಟ್ಟರ್‌ನ ಎಂಜಿನ್, ಪಕ್ಕದಲ್ಲಿ 20 ಇಂಚಿನ ಮರದ ಪ್ರೊಪೆಲರ್]

ನಮಸ್ಕಾರ. ಅಡಿಕೆ ತೋಟ, ಕಾಫಿ ತೋಟ ಇದ್ದವರಿಗೆ ಈ ಎಂಜಿನ್ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆನ್ನಿಗೋ ಹೆಗಲಿಗೋ ಹಾಕಿಕೊಂಡು ಹುಲ್ಲು ಹೊಡೆಯುವ ಬ್ರಷ್ ಕಟ್ಟರ್‌ನದು. ಇದನ್ನು ರೇಡಿಯೋ ಕಂಟ್ರೋಲ್ ವಿಮಾನಕ್ಕೆ ಕೂರಿಸಲು ಏನು ಬಿಚ್ಚಬೇಕು, ಏನು ಲೇತ್‌ನಲ್ಲಿ ಮಾಡಿಸಬೇಕು, ಎಲ್ಲಿ ಕೈಕೊಡುತ್ತದೆ ಅನ್ನುವುದು ಈ ವಿಡಿಯೋದ ವಿಷಯ.

ಇದೇನು ಹೊಸ ಹುಚ್ಚಲ್ಲ. ಅಮೆರಿಕದ ಹವ್ಯಾಸಿಗಳು ರಿಯೋಬಿ 31 ಸಿಸಿ, ಹೋಮ್‌ಲೈಟ್ 25 ಸಿಸಿ ಟ್ರಿಮ್ಮರ್ ಎಂಜಿನ್‌ಗಳನ್ನು ದಶಕಗಳಿಂದ ಹೀಗೆ ಹಾರಿಸಿದ್ದಾರೆ. ಜಪಾನಿನ ಝೆನೋವಾ ಜಿ-38, ಜಿ-62 ಮಾಡೆಲ್ ಎಂಜಿನ್‌ಗಳ ಮೂಲವೂ ಆ ಕಂಪನಿಯ ತೋಟದ ಯಂತ್ರಗಳೇ.

[ತೆರೆ: ಎಂಜಿನ್ ಮೇಲಿನ ಅಚ್ಚು ಹತ್ತಿರದಿಂದ]

ಮೊದಲು ಎಂಜಿನ್ ಮೇಲಿನ ಅಚ್ಚು ಓದಿ. ನಮ್ಮಲ್ಲಿ ಸಿಗುವ ಹೆಚ್ಚಿನ ಚೀನಾ ಎಂಜಿನ್‌ಗಳ ಮೇಲೆ 1ಇ40ಎಫ್-5 ಅಂತ ಇರುತ್ತದೆ. 1 ಅಂದರೆ ಒಂದೇ ಸಿಲಿಂಡರ್, ಇ ಅಂದರೆ ಟೂ ಸ್ಟ್ರೋಕ್, 40 ಅಂದರೆ ಬೋರ್ (ಸಿಲಿಂಡರ್‌ನ ಒಳವ್ಯಾಸ) 40 ಮಿಲಿಮೀಟರ್, ಎಫ್ ಅಂದರೆ ಗಾಳಿಯಿಂದ ತಂಪಾಗುವುದು. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 34 ಮಿ.ಮೀ., ಲೆಕ್ಕ ಹಾಕಿದರೆ 42.7 ಸಿಸಿ. ಇದರ ಅಣ್ಣ 1ಇ44ಎಫ್-5. ಬೋರ್ 44, ಸ್ಟ್ರೋಕ್ ಅದೇ 34, ಹಾಗಾಗಿ 51.7 ಸಿಸಿ. ಫೋರ್ ಸ್ಟ್ರೋಕ್ ಹೋಂಡಾ ಜಿಎಕ್ಸ್35 ಕೂಡ ತೋಟಗಳಲ್ಲಿ ಸಾಕಷ್ಟಿದೆ, ಆದರೆ 35.8 ಸಿಸಿಗೆ 3 ಕೆಜಿ ದಾಟುವ ತೂಕ. ವಿಮಾನಕ್ಕೆ ಅದು ಬೇಡ.

ದುಡ್ಡು ಉಳಿಯುತ್ತದೆ ಅಂತ ಈ ಕೆಲಸಕ್ಕೆ ಇಳಿಯುವವರು ಸ್ವಲ್ಪ ನಿಲ್ಲಿ. ಪ್ರೊಪೆಲರ್ ಕೂರುವ ಹಬ್, ಬ್ಯಾಟರಿಯಿಂದ ಕಿಡಿ ಕೊಡುವ ಸಿಡಿಐ ಇಗ್ನಿಷನ್, ಸೈಲೆನ್ಸರ್, ಮೌಂಟ್ ಎಲ್ಲ ಸೇರಿಸಿ ನೋಡಿ. ವಿಮಾನಕ್ಕೆಂದೇ ತಯಾರಾದ 30 ಸಿಸಿ ಎಂಜಿನ್‌ನ ಬೆಲೆಯ ಹತ್ತಿರ ಬಂದುಬಿಡುತ್ತದೆ. ಅದು ತೂಗುವುದು ಸುಮಾರು 900 ಗ್ರಾಂ, ಇದು ಎಷ್ಟು ಇಳಿಸಿದರೂ 2 ಕೆಜಿ ಆಸುಪಾಸು. ಮನೆಯಲ್ಲಿ ಹಳೇ ಮಷಿನ್ ಬಿದ್ದಿದೆ, ಪರಿಚಯದ ಲೇತ್‌ನವರಿದ್ದಾರೆ, ಹಾರಿಸುವುದು ಪೈಪರ್ ಕಬ್‌ನಂಥ ದೊಡ್ಡ ಸ್ಕೇಲ್ ಮಾಡೆಲ್ ಅಂದರೆ ಮಾತ್ರ ಇದಕ್ಕೆ ಅರ್ಥ. ಮೊದಲ ಮಹಾಯುದ್ಧದ ಕಾಲದ ಗಿಡ್ಡ ಮೂತಿಯ ವಿಮಾನಗಳಿಗೂ ಸರಿ. ಅವುಗಳ ಮೂತಿಗೆ ಹೇಗೂ ಸೀಸ ತುಂಬಬೇಕು, ಆ ತೂಕ ಎಂಜಿನ್ನೇ ಆಗಿರಲಿ. ತ್ರೀಡಿ ಕಸರತ್ತಿನ ವಿಮಾನಕ್ಕೆ ಇದು ಬೇಡವೇ ಬೇಡ.

[ತೆರೆ: ಬಿಚ್ಚುವ ದೃಶ್ಯ]

ಬಿಚ್ಚೋಣ. ಟ್ಯಾಂಕ್, ಹಗ್ಗದ ಸ್ಟಾರ್ಟರ್, ಪ್ಲಾಸ್ಟಿಕ್ ಕವಚ, ಏರ್ ಫಿಲ್ಟರ್, ಸೈಲೆನ್ಸರ್, ಕ್ಲಚ್, ಇಷ್ಟೂ ಹೋಗುತ್ತವೆ. ಹಗ್ಗದ ಸ್ಟಾರ್ಟರ್ ತೆಗೆಯುವ ಮುಂಚೆ ಒಂದು ಕೆಲಸ ಇದೆ. ಪ್ಲಗ್ ಬಿಚ್ಚಿ, ಹಗ್ಗ ಮೆಲ್ಲಗೆ ಎಳೆದು, ಕ್ಲಚ್ ಇರುವ ಕಡೆಯಿಂದ ನೋಡುತ್ತಾ ಕ್ರ್ಯಾಂಕ್ ಯಾವ ಕಡೆ ತಿರುಗುತ್ತದೆ ಅಂತ ಬಾಣದ ಗುರುತು ಹಾಕಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪ್ರೊಪೆಲರ್, ವಿಮಾನದ ಎದುರು ನಿಂತು ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಬೇಕು. ನಿಮ್ಮ ಎಂಜಿನ್ ಉಲ್ಟಾ ತಿರುಗುತ್ತಿದ್ದರೆ ಗಾಬರಿ ಬೇಡ. ಈ ಎಂಜಿನ್‌ಗಳಲ್ಲಿ ಪಿಸ್ಟನ್ನೇ ಪೋರ್ಟ್‌ಗಳನ್ನು ತೆರೆದು ಮುಚ್ಚುತ್ತದೆ, ಆ ಟೈಮಿಂಗ್ ಎರಡೂ ದಿಕ್ಕಿಗೆ ಒಂದೇ. ದಿಕ್ಕು ತೀರ್ಮಾನವಾಗುವುದು ಕಿಡಿ ಬೀಳುವ ಸಮಯದಿಂದ, ಅದನ್ನು ಮುಂದೆ ನಾವೇ ಹೊಂದಿಸುತ್ತೇವೆ.

ಫ್ಲೈವೀಲ್ ನಟ್ ಬಿಚ್ಚಲು ಕ್ರ್ಯಾಂಕ್ ಅಲ್ಲಾಡದಂತೆ ಹಿಡಿಯಬೇಕಲ್ಲ. ಪ್ಲಗ್ ತೂತಿನಿಂದ ಒಂದಡಿ ನೈಲಾನ್ ಹಗ್ಗ ಒಳಗೆ ಬಿಡಿ, ಆಮೇಲೆ ತಿರುಗಿಸಿ. ಪಿಸ್ಟನ್ ಹಗ್ಗಕ್ಕೆ ಒತ್ತಿ ನಿಲ್ಲುತ್ತದೆ. ಹಗ್ಗ ಬಿಡುವಾಗ ಪಿಸ್ಟನ್ ಪೋರ್ಟ್‌ಗಳನ್ನು ಮುಚ್ಚಿರಬೇಕು, ಇಲ್ಲದಿದ್ದರೆ ಹಗ್ಗ ಪೋರ್ಟಿನೊಳಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಚೈನ್ ಸಾ ಎಂಜಿನ್ ಆಗಿದ್ದರೆ ಕ್ಲಚ್‌ಗೆ ಎಡಗೈ ಥ್ರೆಡ್ ಇರುತ್ತದೆ, ನೆನಪಿರಲಿ.

ಫ್ಲೈವೀಲ್ ಅನ್ನು ಪುಲ್ಲರ್ ಹಾಕಿಯೇ ಎಳೆಯಿರಿ. ಸುತ್ತಿಗೆ ಮುಟ್ಟಬೇಡಿ. ಈ ಕ್ರ್ಯಾಂಕ್ ಒಂದೇ ತುಂಡಿನದ್ದಲ್ಲ, ಬೇರೆ ಬೇರೆ ಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಸೇರಿಸಿದ್ದು. ಶಾಫ್ಟ್ ತುದಿಗೆ ಒಂದು ಜೋರು ಪೆಟ್ಟು ಬಿದ್ದರೆ ಎರಡು ಕಡೆಯ ಶಾಫ್ಟ್‌ಗಳು ಒಂದೇ ಗೆರೆಯಲ್ಲಿ ಉಳಿಯುವುದಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಓಡಿಸಿದಾಗ ನಡುಕ ಬರುತ್ತದೆ, ನೀವು ಪ್ರೊಪೆಲರ್ ಬ್ಯಾಲೆನ್ಸ್ ಮಾಡುತ್ತಾ ಕೂರುತ್ತೀರಿ.

ಇಷ್ಟು ಬಿಚ್ಚಿದ ಮೇಲೆ ಎರಡು ಬೇರಿಂಗ್‌ಗಳನ್ನೂ ನೋಡಿ. 6202 ಇರುತ್ತವೆ. ಬೆರಳಲ್ಲಿ ತಿರುಗಿಸಿದಾಗ ಗರಗರ ಅಂದರೆ ಹೊಸದು ಹಾಕಿ. ಕೊಳ್ಳುವಾಗ ಸಿ3 ಕ್ಲಿಯರೆನ್ಸ್ ಅಂತ ಕೇಳಿ, ಬಿಸಿಯಾದಾಗ ಹಿಗ್ಗಲು ಜಾಗ ಇರುವುದು ಅದರಲ್ಲೇ. ಬೇರಿಂಗ್ ತೆಗೆಯಬೇಕಾಗಿ ಬಂದರೆ ಆಯಿಲ್ ಸೀಲನ್ನೂ ಅದರ ಜೊತೆಗೇ ಬದಲಿಸಿಬಿಡಿ.

[ತೆರೆ: ಹಬ್‌ನ ಅಡ್ಡಸೀಳಿದ ಚಿತ್ರ]

ಈಗ ಇಡೀ ಕೆಲಸದ ಪ್ರಾಣ ಇರುವ ಭಾಗ, ಹಬ್. ತೋಟದಲ್ಲಿ ಈ ಎಂಜಿನ್ ಕ್ಲಚ್ ತಿರುಗಿಸಿದರೆ ಸಾಕಿತ್ತು, ಶಾಫ್ಟನ್ನು ಯಾರೂ ಮುಂದಕ್ಕೆ ಎಳೆಯುತ್ತಿರಲಿಲ್ಲ, ಪಕ್ಕಕ್ಕೆ ಬಗ್ಗಿಸುತ್ತಲೂ ಇರಲಿಲ್ಲ. ವಿಮಾನದಲ್ಲಿ 20×8 ಪ್ರೊಪೆಲರ್ (ವ್ಯಾಸ 20 ಇಂಚು, ಪಿಚ್ 8 ಇಂಚು) 6,500 ಆರ್‌ಪಿಎಂಗೆ ತಿರುಗಿದಾಗ ಸುಮಾರು 8 ಕೆಜಿ ಬಲದಿಂದ ಶಾಫ್ಟನ್ನು ಮುಂದಕ್ಕೆ ಎಳೆಯುತ್ತದೆ. ವಿಮಾನ ಥಟ್ಟನೆ ಮೂತಿ ತಿರುಗಿಸಿದಾಗ ತಿರುಗುವ ಪ್ರೊಪೆಲರ್ ಅದಕ್ಕೆ ಒಪ್ಪದೆ ಶಾಫ್ಟನ್ನು ಬಗ್ಗಿಸಲು ನೋಡುತ್ತದೆ. ಇಳಿಯುವಾಗ ನೆಲಕ್ಕೆ ತಾಗಿದರೆ ಅದರ ಏಟು ಬೇರೆ.

ಅದಕ್ಕೇ ಪ್ರೊಪೆಲರ್ ಕೂರುವ ಮುಖ ಮುಂದಿನ ಬೇರಿಂಗ್‌ಗೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ಕೌಲ್ (ಎಂಜಿನ್ ಮುಚ್ಚುವ ಮೂತಿಯ ಕವಚ) ಚೆನ್ನಾಗಿ ಕಾಣಲಿ ಅಂತ 70, 80 ಮಿ.ಮೀ. ಉದ್ದದ ಹಬ್ ಮಾಡಿಸಿದರೆ ಕ್ರ್ಯಾಂಕ್ ಮುರಿಯುವುದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. 40 ಮಿ.ಮೀ. ಒಳಗೇ ಮುಗಿಸಿ.

ಸಾಮಗ್ರಿ 6061-ಟಿ6 ಅಲ್ಯೂಮಿನಿಯಂ, ಹೊರಗಿನ ವ್ಯಾಸ 40 ಮಿ.ಮೀ. ಪೀಣ್ಯದಂಥ ಕಡೆ ಯಾವ ಸಣ್ಣ ಲೇತ್ ಅಂಗಡಿಯಲ್ಲೂ ಆಗುತ್ತದೆ, ಆದರೆ ಹೋಗುವಾಗ ಎಂಜಿನ್ನನ್ನೇ ಹೊತ್ತೊಯ್ಯಿರಿ. ಬರೀ ಅಳತೆ ಬರೆದ ಚೀಟಿ ಕೊಟ್ಟರೆ ಆಗದು, ಯಾಕೆಂದರೆ ಒಳಗಿನ ಟೇಪರ್ (ಕಿರಿದಾಗುತ್ತಾ ಹೋಗುವ ಇಳಿಜಾರು) ಶಾಫ್ಟಿನ ಟೇಪರ್‌ಗೆ ಕಚ್ಚಿ ಕೂರಬೇಕು. ಶಾಫ್ಟಿಗೆ ಮಾರ್ಕಿಂಗ್ ಬ್ಲೂ ತೆಳ್ಳಗೆ ಸವರಿ, ಹಬ್ ಕೂರಿಸಿ ತೆಗೆದಾಗ ನಾಲ್ಕರಲ್ಲಿ ಮೂರು ಪಾಲಿಗಾದರೂ ನೀಲಿ ಅಂಟಿರಬೇಕು. ಕಡಿಮೆ ಇದ್ದರೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಾಕಿ ಕೈಯಲ್ಲೇ ಉಜ್ಜಿ ಕೂರಿಸಿ, ಆಮೇಲೆ ಪೇಸ್ಟಿನ ಕಣವೂ ಉಳಿಯದಂತೆ ಪೆಟ್ರೋಲಿನಲ್ಲಿ ತೊಳೆಯಿರಿ. ಶಾಫ್ಟಿನ ಸೀಳಿನಲ್ಲಿ ಕೂರುವ ಆ ಚಿಕ್ಕ ಅರ್ಧಚಂದ್ರದ ತುಂಡು, ವುಡ್ರಫ್ ಕೀ, ಬಲ ಹೊರುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಬಲ ಹೊರುವುದು ಟೇಪರ್. ಕೀ ಇರುವುದು ಜಾಗ ತೋರಿಸಲು ಮಾತ್ರ. ಕೀ ಕತ್ತರಿಸಿ ಹೋಗಿದೆ ಅಂದರೆ ಟೇಪರ್ ಸರಿಯಾಗಿ ಕೂತಿಲ್ಲ, ಇಲ್ಲವೇ ನಟ್ ಸಡಿಲವಾಗಿತ್ತು ಅಂತಲೇ ಲೆಕ್ಕ. ಎಂ-8 ನಟ್ ಆಗಿದ್ದರೆ 20ರಿಂದ 25 ನ್ಯೂಟನ್ ಮೀಟರ್ ಬಿಗಿ ಸಾಕು.

ಹಬ್ ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಮುಖದ ಓಲಾಟ ನೋಡಿ. 40 ಮಿ.ಮೀ. ಹಬ್‌ನಲ್ಲಿ 0.05 ಮಿ.ಮೀ. ಓಲಾಟ ಇದ್ದರೆ 18 ಇಂಚಿನ ಪ್ರೊಪೆಲರ್ ತುದಿಯಲ್ಲಿ ಅದು ಅರ್ಧ ಮಿ.ಮೀ. ದಾಟುತ್ತದೆ. ಅಷ್ಟಕ್ಕೆ ಒಪ್ಪಿಕೊಳ್ಳಬಹುದು, ಅದಕ್ಕಿಂತ ಜಾಸ್ತಿಯಾದರೆ ಮತ್ತೆ ಲೇತ್‌ಗೆ. ಪ್ರೊಪೆಲರ್‌ಗೆ ನಡುವಿನ ಒಂದೇ ನಟ್ ನಂಬಬೇಡಿ. ನಾಲ್ಕು ಎಂ-5 ಬೋಲ್ಟ್, ಮುಂದೆ ದಪ್ಪ ವಾಷರ್ ಪ್ಲೇಟ್ ಹಾಕಿ. ಮರದ ಪ್ರೊಪೆಲರ್ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಹಾಗಾಗಿ ಪ್ರತಿ ಸಲ ಹಾರಿಸುವ ಮುಂಚೆ ಬೋಲ್ಟ್ ಬಿಗಿ ಇದೆಯಾ ಅಂತ ನೋಡಲೇಬೇಕು.

ಹಿಂದುಗಡೆ ಸ್ಟಾರ್ಟರ್ ಕೂರುತ್ತಿದ್ದ ಶಾಫ್ಟ್ ತುದಿ ಉಳಿಯುತ್ತದೆ. ಗಟ್ಟಿ ಮಾಡಿದ ಉಕ್ಕು, ಹ್ಯಾಕ್‌ಸಾ ಜಾರುತ್ತದೆ, ಕಟಿಂಗ್ ಡಿಸ್ಕ್ ಬೇಕು. ಕತ್ತರಿಸುವ ಮುಂಚೆ ಆಯಿಲ್ ಸೀಲ್ ಸುತ್ತ ಗ್ರೀಸ್ ಮೆತ್ತಿ ಟೇಪ್ ಸುತ್ತಿ. ಡಿಸ್ಕಿನ ಪುಡಿ ಸೀಲ್ ದಾಟಿ ಬೇರಿಂಗ್ ಸೇರಿದರೆ ಹೊಸ ಬೇರಿಂಗ್ ಹಾಕಿದ್ದೂ ದಂಡ. ಎಂಜಿನ್ ಹಿಂಬದಿಗೆ 6 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ ಮಾಡಿ, ನಾಲ್ಕು ಸ್ಟ್ಯಾಂಡ್‌ಆಫ್ (ಅಂತರ ಇಡುವ ಕಂಬಿ) ಮೂಲಕ ವಿಮಾನದ ಫೈರ್‌ವಾಲ್‌ಗೆ, ಅಂದರೆ ಮೂತಿಯ ಹಿಂದಿನ ಗಟ್ಟಿ ಗೋಡೆಗೆ, ಬಿಗಿಯಿರಿ.

[ತೆರೆ: ಸಿಡಿಐ ಪೆಟ್ಟಿಗೆ, ಸೆನ್ಸರ್, ಪ್ಲಗ್]

ಇಗ್ನಿಷನ್‌ಗೆ ಎರಡು ದಾರಿ. ಒಂದು, ಫ್ಲೈವೀಲ್, ಕಾಯಿಲ್ ಹಾಗೇ ಉಳಿಸಿಕೊಂಡು, ಫ್ಲೈವೀಲ್‌ನ ಗಾಳಿ ರೆಕ್ಕೆಗಳನ್ನು ಲೇತ್‌ನಲ್ಲಿ ಸುತ್ತಲೂ ಸಮವಾಗಿ ಇಳಿಸಿ, ಕ್ಲಚ್ ತೂತುಗಳಿಗೆ ಹಬ್ ಬಿಗಿಯುವುದು. ಬ್ಯಾಟರಿ ಬೇಡ. ಆದರೆ ಅರ್ಧ ಕೆಜಿ ಆಸುಪಾಸು ತೂಕ ಉಳಿಯುತ್ತದೆ, ಕೈಯಲ್ಲಿ ತಿರುವಿ ಸ್ಟಾರ್ಟ್ ಮಾಡುವುದು ಕಷ್ಟ, ಐಡ್ಲಿಂಗ್ ಕೂಡ ಒರಟು. ಕಾಯಿಲ್‌ಗೂ ಆಯಸ್ಕಾಂತಕ್ಕೂ ನಡುವೆ 0.3 ಮಿ.ಮೀ. ಸಂದು ಇರಬೇಕು, ಅಂದರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ.

ಎರಡನೆಯದು ಸಿಡಿಐ. ಇದನ್ನೇ ಹಾಕಿ. ಹಬ್ ಅಂಚಿನಲ್ಲಿ ಚಿಕ್ಕ ಆಯಸ್ಕಾಂತ, ಎಂಜಿನ್ ಮೇಲೆ ಆ ಆಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್. ಆರ್‌ಪಿಎಂ ಏರಿದಂತೆ ಕಿಡಿಯನ್ನು ಮುಂಚೆ ಬೀಳಿಸುವ ಕೆಲಸ ಅದೇ ಮಾಡಿಕೊಳ್ಳುತ್ತದೆ. ಕೊಳ್ಳುವಾಗ ಪ್ಲಗ್ ಅಳತೆ ನೋಡಿ. ಈ ಎಂಜಿನ್‌ಗಳದ್ದು 14 ಮಿ.ಮೀ. ಪ್ಲಗ್, ಮಾಡೆಲ್ ಎಂಜಿನ್‌ಗಳಲ್ಲಿ ಹೆಚ್ಚಾಗಿ 10 ಮಿ.ಮೀ.ನ ಸಿಎಂ6. ಕ್ಯಾಪ್ ಒಂದಕ್ಕೊಂದು ಆಗುವುದಿಲ್ಲ. 14 ಮಿ.ಮೀ.ಗೆ ರೆಸಿಸ್ಟರ್ ಇರುವ ಬಿಎಂಆರ್6ಎ ಹಾಕಬಹುದು.

ಟೈಮಿಂಗ್ ಹೊಂದಿಸುವುದು ಹೀಗೆ. ಪಿಸ್ಟನ್ ತುತ್ತತುದಿಯಲ್ಲಿ ಇರುವಾಗ ಹಬ್ ಮೇಲೆ ಗುರುತು ಹಾಕಿ. ಕಿಡಿ ಬೀಳಬೇಕಾದದ್ದು ಅದಕ್ಕಿಂತ 28 ಡಿಗ್ರಿ ಮುಂಚೆ. 40 ಮಿ.ಮೀ. ಹಬ್‌ನ ಸುತ್ತಳತೆಯಲ್ಲಿ ಅದು 9.8 ಮಿ.ಮೀ., ಪಟ್ಟಿ ಟೇಪಿನಲ್ಲೇ ಅಳೆಯಬಹುದು. ಪಿಸ್ಟನ್ ಲೆಕ್ಕದಲ್ಲಿ ತುದಿಯಿಂದ ಸುಮಾರು 2.5 ಮಿ.ಮೀ. ಕೆಳಗೆ. ಪ್ಲಗ್ಗನ್ನು ಕ್ಯಾಪಿನೊಳಗೆ ಕೂರಿಸಿ ಎಂಜಿನ್ ಮೈಗೆ ತಾಗಿಸಿಡಿ. ಪ್ಲಗ್ ಇಲ್ಲದೆ ಸಿಡಿಐಗೆ ಕರೆಂಟ್ ಕೊಟ್ಟು ಕಿಡಿ ಬೀಳಿಸಿದರೆ ಒಳಗೇ ಸುಟ್ಟುಹೋಗುತ್ತದೆ. ಹಬ್ಬನ್ನು ಓಡುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿ, ಕಿಡಿ ಬೀಳುವ ಜಾಗ 28 ಡಿಗ್ರಿ ಗುರುತಿಗೆ ಬರುವವರೆಗೆ ಸೆನ್ಸರ್ ಸರಿಸಿ. ಕಿಡಿಯೇ ಬರಲಿಲ್ಲವಾ? ಬಹುಪಾಲು ಆಯಸ್ಕಾಂತ ತಿರುವು ಮುರುವು ಕೂತಿರುತ್ತದೆ. ಸೆನ್ಸರ್ ಒಂದೇ ಧ್ರುವಕ್ಕೆ ಸ್ಪಂದಿಸುತ್ತದೆ. ಅಂಟು ಹಾಕುವ ಮುಂಚೆಯೇ ಇದನ್ನು ಪರೀಕ್ಷಿಸಿಕೊಳ್ಳಿ.

ಸಿಡಿಐಗೆ ಬೇರೆ ಬ್ಯಾಟರಿ, ಬೇರೆ ಸ್ವಿಚ್. ರೇಡಿಯೋ ರಿಸೀವರ್ ಅದರಿಂದ ಕನಿಷ್ಠ 30 ಸೆಂ.ಮೀ. ದೂರ ಇರಲಿ. ಥ್ರಾಟಲ್ ನಡೆಸುವ ಪುಟ್ಟ ಮೋಟಾರ್ ಆದ ಸರ್ವೋದಿಂದ ಕಾರ್ಬುರೇಟರ್‌ಗೆ ಹೋಗುವ ಕಡ್ಡಿ ನೈಲಾನಿನದ್ದಾಗಲಿ. ಲೋಹದ ತಂತಿ ಹಾಕಿದರೆ ಇಗ್ನಿಷನ್‌ನ ಗದ್ದಲವೆಲ್ಲ ಅದರ ಮೂಲಕ ರಿಸೀವರ್ ಕಡೆ ನಡೆಯುತ್ತದೆ.

[ತೆರೆ: ಕಾರ್ಬುರೇಟರ್ ಹತ್ತಿರದಿಂದ, ಮುಚ್ಚಳದ ಚಿಕ್ಕ ತೂತಿಗೆ ಬಾಣ]

ಇನ್ನು ಕಾರ್ಬುರೇಟರ್. ಇದರೊಳಗೆ ಡಯಾಫ್ರಮ್ (ತೆಳು ಪೊರೆ) ಪಂಪ್ ಇದೆ, ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಿಂದ ಅದು ನಡೆಯುತ್ತದೆ. ಆ ಒತ್ತಡ ಬರುವ ಚಿಕ್ಕ ತೂತು ಗ್ಯಾಸ್ಕೆಟ್‌ನಲ್ಲೂ ನಡುವಿನ ಕಪ್ಪು ಬೇಕಲೈಟ್ ಬ್ಲಾಕ್‌ನಲ್ಲೂ ಒಂದರ ಎದುರು ಒಂದು ಬರಬೇಕು. ಗ್ಯಾಸ್ಕೆಟ್ ತಿರುಗಿಸಿ ಹಾಕಿದರೆ ಎಂಜಿನ್ ಎರಡು ಸೆಕೆಂಡ್ ಓಡಿ ಸಾಯುತ್ತದೆ, ಪೆಟ್ರೋಲ್ ಬರುವುದೇ ಇಲ್ಲ. ತೂಕ ಇಳಿಸುವ ಉತ್ಸಾಹದಲ್ಲಿ ಬೇಕಲೈಟ್ ಬ್ಲಾಕ್ ಕಿತ್ತು ಹಾಕಬೇಡಿ. ಸಿಲಿಂಡರ್ ಬಿಸಿ ಕಾರ್ಬುರೇಟರ್‌ಗೆ ಹತ್ತದಂತೆ ತಡೆಯುವುದು ಅದೇ.

ಹಲವರನ್ನು ಕಾಡುವ ಒಂದು ತೊಂದರೆ ಇದೆ. ನೆಲದ ಮೇಲೆ ಚೆನ್ನಾಗಿ ಓಡಿದ ಎಂಜಿನ್ ಗಾಳಿಯಲ್ಲಿ ಏದುಸಿರು ಬಿಡುತ್ತದೆ. ಕಾರಣ, ಡಯಾಫ್ರಮ್ ಮುಚ್ಚಳದಲ್ಲಿರುವ ಆ ಉಸಿರು ತೂತು. ಕೌಲ್ ಒಳಗೆ ನುಗ್ಗುವ ಗಾಳಿ ಅದರ ಮೇಲೆ ಒತ್ತಿದರೆ ಮಿಶ್ರಣ ಕೆಡುತ್ತದೆ. ಮುಚ್ಚಳಕ್ಕೆ ಸಣ್ಣ ಹಿತ್ತಾಳೆ ಕೊಳವೆ ಬೆಸುಗೆ ಹಾಕಿ, ಅದಕ್ಕೊಂದು ಪೈಪ್ ಸಿಕ್ಕಿಸಿ ಫೈರ್‌ವಾಲ್ ಹಿಂದೆ ಗಾಳಿ ಅಲ್ಲಾಡದ ಕಡೆ ಬಿಡಿ.

ಪೆಟ್ರೋಲ್ ಪೈಪ್ ಟೈಗಾನ್ ಆಗಿರಲಿ. ಮೆಥನಾಲ್ ಇಂಧನದ ಗ್ಲೋ ಎಂಜಿನ್‌ನ ಸಿಲಿಕೋನ್ ಪೈಪ್ ಪೆಟ್ರೋಲಿನಲ್ಲಿ ಊದಿಕೊಂಡು ಕಳಚುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವುದು ಇ-20 (ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್), ಅದರಲ್ಲಿರುವ ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಡಯಾಫ್ರಮ್‌ಗಳನ್ನು ಬಿರುಸಾಗಿಸುತ್ತದೆ. ಹಾರಾಟ ಮುಗಿದ ಮೇಲೆ ಟ್ಯಾಂಕ್ ಬಸಿದು, ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಒಳ್ಳೆ 2ಟಿ ಆಯಿಲ್, ಮೊದಲ ಕೆಲವು ಟ್ಯಾಂಕ್‌ಗೆ ಲೀಟರಿಗೆ 40 ಮಿ.ಲೀ., ಆಮೇಲೆ 33.

ಟ್ಯೂನಿಂಗ್‌ಗೆ ಕಾರ್ಬುರೇಟರ್‌ನ ಎಲ್ (ಕಡಿಮೆ ವೇಗದ) ಮತ್ತು ಎಚ್ (ಹೆಚ್ಚು ವೇಗದ) ಎರಡೂ ಸ್ಕ್ರೂ ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ ಶುರು ಮಾಡಿ. ಐಡ್ಲಿಂಗ್‌ನಿಂದ ಥ್ರಾಟಲ್ ಕೊಟ್ಟಾಗ ಮುಗ್ಗರಿಸದಂತೆ ಎಲ್ ಹೊಂದಿಸಿ. ಆಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ಆರ್‌ಪಿಎಂ ಅತಿ ಹೆಚ್ಚು ಬರುವ ಜಾಗ ಹುಡುಕಿ, ಎಚ್ ಬಿಚ್ಚುತ್ತಾ ಅಲ್ಲಿಂದ 200, 300 ಆರ್‌ಪಿಎಂ ಇಳಿಸಿಬಿಡಿ. ಗರಿಷ್ಠದಲ್ಲೇ ಬಿಟ್ಟರೆ ಕೇಳಲು ಸೊಗಸು, ಪಿಸ್ಟನ್‌ಗೆ ಕೇಡು. ಪ್ರೊಪೆಲರ್ 20×8ರಿಂದ ಶುರು ಮಾಡಿ, 26 ಸಿಸಿ ಎಂಜಿನ್ ಆಗಿದ್ದರೆ 16×8.

[ತೆರೆ: ಕೌಲ್ ಒಳಗಿನ ಪ್ಲೈವುಡ್ ತಡಿಕೆ]

ಫ್ಯಾನ್ ಕಿತ್ತಿದ್ದೇವೆ, ಹಾಗಾಗಿ ತಂಪು ಮಾಡುವ ಹೊಣೆ ಈಗ ಕೌಲ್‌ನದ್ದು. ಒಳಬಂದ ಗಾಳಿ ಸಿಲಿಂಡರ್ ಪಕ್ಕದಿಂದ ನುಸುಳಿ ಹೋಗದೆ ಅದರ ಮೈಮೇಲಿನ ಫಿನ್‌ಗಳ ನಡುವೆಯೇ ಹಾಯುವಂತೆ ಪ್ಲೈವುಡ್ ತಡಿಕೆ ಕಟ್ಟಿ. ಹೊರಹೋಗುವ ದಾರಿ ಒಳಬರುವ ದಾರಿಯ ಎರಡರಿಂದ ಮೂರು ಪಟ್ಟು ಇರಬೇಕು. ಸೈಲೆನ್ಸರ್ ಬೋಲ್ಟ್‌ಗಳಿಗೆ ಥ್ರೆಡ್ ಲಾಕರ್ ಆ ಬಿಸಿಯಲ್ಲಿ ನಿಲ್ಲದು. ತಲೆಯಲ್ಲಿ ತೂತು ಕೊರೆದು ಸೇಫ್ಟಿ ವೈರ್ ಕಟ್ಟಿಬಿಡಿ.

ಮೊದಲ ಸ್ಟಾರ್ಟ್‌ಗೆ ವಿಮಾನದ ಬಾಲ ಗೂಟಕ್ಕೆ ಕಟ್ಟಿ, ಕೈಗೆ ದಪ್ಪ ಚರ್ಮದ ಗ್ಲೌಸ್ ಹಾಕಿ. 20 ಇಂಚಿನ ಪ್ರೊಪೆಲರ್‌ನ ತುದಿ 6,500 ಆರ್‌ಪಿಎಂನಲ್ಲಿ ಸೆಕೆಂಡಿಗೆ 170 ಮೀಟರ್ ಮೀರಿ ಓಡುತ್ತಿರುತ್ತದೆ. ಅದರ ಪಕ್ಕದ ಸಾಲಿನಲ್ಲಿ ಯಾರೂ ನಿಲ್ಲಬಾರದು, ಟ್ಯೂನಿಂಗ್ ಹಿಂದಿನಿಂದಲೇ ಮಾಡಬೇಕು. ರಿಮೋಟಿನಿಂದ ಇಗ್ನಿಷನ್ ಆರಿಸುವ ಆಪ್ಟಿಕಲ್ ಕಿಲ್ ಸ್ವಿಚ್ ಹಾಕಿ, ಸಿಗ್ನಲ್ ತಪ್ಪಿದರೆ ಅದು ಆಫ್ ಆಗುವಂತೆ ರಿಸೀವರ್‌ನ ಫೇಲ್‌ಸೇಫ್ ಹೊಂದಿಸಿ. ಟ್ರಾನ್ಸ್‌ಮಿಟರ್ ಆಫ್ ಮಾಡಿ ಎಂಜಿನ್ ನಿಜವಾಗಿ ನಿಲ್ಲುತ್ತದಾ ಅಂತ ನೆಲದ ಮೇಲೇ ನೋಡಿ.

ಭಾರತದಲ್ಲಿ 2021ರ ಡ್ರೋನ್ ನಿಯಮಗಳು 25 ಕೆಜಿ ಒಳಗಿನ ಇಂಥ ಮಾಡೆಲ್‌ಗಳಿಗೂ ಅನ್ವಯಿಸುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮೈದಾನ ಯಾವ ಬಣ್ಣದಲ್ಲಿದೆ ಅಂತ ಹೊರಡುವ ಮುಂಚೆ ನೋಡಿಕೊಳ್ಳಿ. ಹಸಿರು ವಲಯದಲ್ಲಿ 400 ಅಡಿ ಮಿತಿ. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ನಡುವೆ ಅದು 200 ಅಡಿಗೆ ಇಳಿಯುತ್ತದೆ.

ಎಂಜಿನ್ ಓಡುತ್ತಿರುವಾಗ ಒಮ್ಮೆ, ನಿಂತಿರುವಾಗ ಒಮ್ಮೆ ರೇಂಜ್ ಚೆಕ್ ಮಾಡಿ, ಅಂದರೆ ರೇಡಿಯೋ ಸಿಗ್ನಲ್ ಎಷ್ಟು ದೂರ ಮುಟ್ಟುತ್ತದೆ ಅಂತ ನೋಡಿ. ಎರಡರ ನಡುವೆ ಎದ್ದು ಕಾಣುವ ವ್ಯತ್ಯಾಸ ಬಂದರೆ ಪ್ಲಗ್ ಕ್ಯಾಪ್ ಪೂರ್ತಿ ಕೂತಿದೆಯಾ, ಅದರ ಹೊರಜಾಲರಿ ಪ್ಲಗ್‌ನ ಮೈಗೆ ಬಿಗಿಯಾಗಿ ತಾಗಿದೆಯಾ ಅಂತ ಮೊದಲು ನೋಡಿ.