ಗಾಲಿಬರು ತಫ್ತಾ ಅವರಿಗೆ ಬರೆದ ಪತ್ರಗಳು

ಶ್ರೋತೃಗಳಿಗೆ ನಮಸ್ಕಾರ.

ನಿಜಾಮರ ಆಳಿಕೆಯಲ್ಲಿ ನಮ್ಮ ರಾಯಚೂರಿನ ಶಾಲೆಯೂ ಕಚೇರಿಯೂ ಉರ್ದುವಿನಲ್ಲೇ ನಡೆಯುತ್ತಿದ್ದುದರಿಂದ, ಮನೆಮಾತು ಕನ್ನಡವಾದರೂ ನನ್ನ ತಂದೆಯವರು ಗೆಳೆಯರಿಗೆ ಉರ್ದುವಿನಲ್ಲೇ ಕಾಗದ ಬರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ದಿಲ್ಲಿಯ ಕವಿ ಮಿರ್ಜಾ ಗಾಲಿಬರ ಪತ್ರಗಳನ್ನು ನನಗೆ ಮೊದಲು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದವರೂ ಅವರೇ.

ಗಾಲಿಬರು ಮನಸ್ಸು ಬಿಚ್ಚಿ ಬರೆದದ್ದು ಮುನ್ಶಿ ಹರಗೋಪಾಲ ತಫ್ತಾ ಅವರಿಗೆ. ತಫ್ತಾ ಸಿಕಂದರಾಬಾದಿನವರು; ಹೈದರಾಬಾದಿನ ಮಗ್ಗುಲಿನದಲ್ಲ, ಬುಲಂದಶಹರದ ಕಡೆಯ ಸಿಕಂದರಾಬಾದು. ಪಾರಸಿ ಕವಿತೆಗಳನ್ನು ತಿದ್ದಿಸಿಕೊಳ್ಳಲು ಶಿಷ್ಯರಾಗಿ ಬಂದ ಅವರು ಗೆಳೆಯರಾಗಿ ಉಳಿದರು. ನಮ್ಮ ಹಿರಿಯರ ಕಾಗದಗಳು ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಆರಂಭವಾಗುತ್ತಿದ್ದಂತೆ ಆ ಕಾಲದ ಪತ್ರಗಳಲ್ಲೂ ಉದ್ದುದ್ದದ ಬಿರುದಾವಳಿ ಇರುತ್ತಿತ್ತು. ಗಾಲಿಬರು ಅದನ್ನು ಬದಿಗಿಟ್ಟು, ಎದುರಿಗೆ ಕುಳಿತವರನ್ನು ಮಾತನಾಡಿಸುವಂತೆ ‘ಸಾಹೇಬ್’ ಎಂದೋ ‘ಭಾಯಿ’ ಎಂದೋ ನೇರವಾಗಿ ವಿಷಯಕ್ಕೆ ಬರುತ್ತಿದ್ದರು.

ಈ ಪತ್ರಗಳಲ್ಲಿ ನನ್ನನ್ನು ಬಹಳವಾಗಿ ಕಾಡುವುದು 1857ರ ಡಿಸೆಂಬರಿನದು. ಸೆಪ್ಟೆಂಬರಿನಲ್ಲಿ ಇಂಗ್ಲಿಷರು ದಂಗೆಯೆದ್ದ ಸಿಪಾಯಿಗಳಿಂದ ದಿಲ್ಲಿಯನ್ನು ಮರಳಿ ವಶಪಡಿಸಿಕೊಂಡಿದ್ದರು. ಅಕ್ಟೋಬರಿನಲ್ಲಿ ಗಾಲಿಬರ ತಮ್ಮ ಮಿರ್ಜಾ ಯೂಸುಫ್ ತೀರಿಕೊಂಡಿದ್ದರು. ನಾವಿಬ್ಬರೂ ಕೂಡಿ ಕವಿತೆ ಕಟ್ಟಿ ಸ್ನೇಹದಿಂದಿದ್ದದ್ದು ಒಂದು ಜನ್ಮ, ಈಗಿನದು ಇನ್ನೊಂದು ಜನ್ಮ, ಊರಿನ ಹೆಸರು ದಿಲ್ಲಿಯೇ, ಓಣಿಯ ಹೆಸರು ಬಲ್ಲಿಮಾರಾನೇ, ಆದರೆ ಹಿಂದಿನ ಜನ್ಮದ ಗೆಳೆಯನೊಬ್ಬನೂ ಇಲ್ಲಿ ಕಾಣಸಿಗುವುದಿಲ್ಲ ಎಂಬ ಅರ್ಥದಲ್ಲಿ ಅವರು ತಫ್ತಾ ಅವರಿಗೆ ಬರೆಯುತ್ತಾರೆ. ಮುಸ್ಲಿಂ ಕವಿಯೊಬ್ಬರು ತಮ್ಮ ಹಿಂದೂ ಗೆಳೆಯನಿಗೆ ದುಃಖ ಹೇಳಿಕೊಳ್ಳುವಾಗ ಆ ಗೆಳೆಯನ ಮನೆಯ ‘ಜನ್ಮ’ ಎಂಬ ಮಾತನ್ನೇ ಎತ್ತಿಕೊಂಡರಲ್ಲ, ಅಲ್ಲಿಗೆ ಬಂದಾಗಲೆಲ್ಲ ತಂದೆಯವರು ಓದುವುದನ್ನು ನಿಲ್ಲಿಸಿ ಸುಮ್ಮನೆ ಕುಳಿತುಬಿಡುತ್ತಿದ್ದರು. ತಾವು ಬದುಕಿ ಉಳಿದ ಬಗೆಯನ್ನೂ ಗಾಲಿಬರು ಅದೇ ಪತ್ರದಲ್ಲಿ ವಿವರಿಸಿದ್ದಾರೆ: ಅವರ ಬಾಡಿಗೆ ಮನೆಗೆ ಗೋಡೆ ಹೊಂದಿಕೊಂಡಂತೆ ಪಟಿಯಾಲದ ರಾಜರ ಹಕೀಮರ ಮನೆಗಳಿದ್ದವು, ಅವುಗಳಿಗೆ ಕೇಡಾಗದಂತೆ ರಾಜರು ಇಂಗ್ಲಿಷರಿಂದ ಮಾತು ಪಡೆದಿದ್ದರು, ಅದರಿಂದ ಇಡೀ ಓಣಿಯೇ ಉಳಿಯಿತು.

ಮರುವರ್ಷ ಗಾಲಿಬರ ಇಬ್ಬರು ಗೆಳೆಯರು ಅವರ ಪತ್ರಗಳನ್ನೇ ಅಚ್ಚು ಹಾಕಿಸಲು ಹೊರಟರು: ತಫ್ತಾ ಮತ್ತು ಆಗ್ರಾದ ಮುದ್ರಕ ಶಿವನಾರಾಯಣರು. ಗಾಲಿಬರು ಒಪ್ಪಲಿಲ್ಲ. ಪತ್ರಗಳು ಅಚ್ಚಾದದ್ದು ಬಹಳ ತಡವಾಗಿ; ಅವುಗಳ ಎರಡನೆಯ ಸಂಗ್ರಹ ಹೊರಬಂದದ್ದು 1869ರಲ್ಲಿ, ಅವರು ಕಣ್ಣು ಮುಚ್ಚಿದ ಕೆಲವೇ ವಾರಗಳ ಮೇಲೆ.

ಆದರೆ ದಂಗೆಯ ದಿನಗಳನ್ನು ಕುರಿತ ‘ದಸ್ತಂಬೂ’ ಎಂಬ ಪಾರಸಿ ಕೃತಿಯನ್ನು 1858ರಲ್ಲಿ ಆಗ್ರಾದಲ್ಲಿ ಅಚ್ಚು ಹಾಕಿಸುವ ಹೊಣೆಯನ್ನು ಅವರು ಈ ಗೆಳೆಯರಿಗೇ ಒಪ್ಪಿಸಿದ್ದರು. ಅರಬ್ಬಿ ಪದ ಬೆರೆಯದ ಪಾರಸಿಯಲ್ಲಿ ಬರೆಯಬೇಕೆಂಬುದು ಅಲ್ಲಿ ಅವರ ಪಣ. ಒಂದು ಅರಬ್ಬಿ ಪದ ನುಸುಳಿರುವುದು ತಡವಾಗಿ ಗೊತ್ತಾದಾಗ, ಚಾಕುವಿನ ಮೊನೆಯಿಂದ ಅದನ್ನು ಕೆರೆದು ತೆಗೆದು ಅಲ್ಲಿ ಬೇರೆ ಪದ ಬರೆಯಬೇಕೆಂದು ತಫ್ತಾ ಅವರಿಗೆ ಕಾಗದ ಹಾಕಿದರು. ತಮ್ಮನನ್ನೂ ಊರಿನ ಗೆಳೆಯರನ್ನೂ ಕಳೆದುಕೊಂಡು ಇನ್ನೂ ವರ್ಷ ತುಂಬುವುದರೊಳಗೆ ಬರೆದ ಕಾಗದ ಅದು.