ಬೈಬಲ್ ಓದಲು ಲಾರಿ ಯಾಕೆ ಬೇಕು?

ಎಲ್ಲರಿಗೂ ನಮಸ್ಕಾರ. ಕಾರವಾರದಿಂದ ಮಾತಾಡುತ್ತಿದ್ದೇನೆ. ಹಿಂದೆ ಟಪಟಪ ಅಂತ ಕೇಳಿಸಿದರೆ ಅದು ಮಳೆ. ಮೈಕ್ ಕೆಟ್ಟಿಲ್ಲ, ಕಾಮೆಂಟ್ ಹಾಕಬೇಡಿ.

ಕಾಮೆಂಟ್ ಅಂದಾಗ ನೆನಪಾಯಿತು. ಗೂಗಲ್‌ನ ಕ್ರೋಮ್ ಓಎಸ್ ಓಡಿಸುವ ಸಾದಾ ಲ್ಯಾಪ್‌ಟಾಪ್ ಇದೆಯಲ್ಲ, ಕ್ರೋಮ್‌ಬುಕ್, ಅದರ ಬಗ್ಗೆ ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಕ್ರೋಮ್‌ಬುಕ್ ಅಂದರೆ ಆಟಿಕೆ. ಬೈಬಲನ್ನು ಸೀರಿಯಸ್ ಆಗಿ ಓದುವವರಿಗೆ ಒಳ್ಳೆ ವಿಂಡೋಸ್ ಲ್ಯಾಪ್‌ಟಾಪೇ ಬೇಕು ಬ್ರದರ್." ಆ ಕೊನೆಯ ಬ್ರದರ್ ಇದೆಯಲ್ಲ, ಅದೇ ಜಾಸ್ತಿ ಉರಿಸಿದ್ದು. ಅದಕ್ಕೆ ಲೈಕ್ ಬೇರೆ ಬಿದ್ದಿವೆ. ನನ್ನ ವಿಡಿಯೋಗೆ ಬಿದ್ದದ್ದಕ್ಕಿಂತ ಜಾಸ್ತಿ!

ನಾನು ಹೇಳುವುದು ಒಂದೇ ಮಾತು. ಬೈಬಲ್ ಅಧ್ಯಯನಕ್ಕೆ ಬೇಕಾದದ್ದು ಈಗ ಬ್ರೌಸರಿನಲ್ಲೇ ಇದೆ. ಬ್ರೌಸರ್ ಓಡಿಸಲು ಕ್ರೋಮ್‌ಬುಕ್ ಸಾಕು. ಒಂದು ಕೆ.ಜಿ. ಬಂಗಡೆ ತರಲು ಯಾರಾದರೂ ಲಾರಿ ಬಾಡಿಗೆ ಹಿಡಿಯುತ್ತಾರಾ?

ಏನೇನಿದೆ ನೋಡಿ. ಬೈಬಲ್ ಗೇಟ್‌ವೇ ಅನ್ನುವ ವೆಬ್‌ಸೈಟ್ 1993ರಿಂದ ಇದೆ. ಬ್ಲೂ ಲೆಟರ್ ಬೈಬಲ್ 1996ರಿಂದ. ಕೇಂಬ್ರಿಜ್‌ನ ಟಿಂಡೇಲ್ ಹೌಸ್ ಅನ್ನುವ ಬೈಬಲ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಸ್ಟೆಪ್ ಬೈಬಲ್ ಇದೆ, ಪೂರ್ತಿ ಉಚಿತ. ಕನ್ನಡದಲ್ಲಿ ಓದಬೇಕಾ? ಯೂವರ್ಷನ್ ಇದೆ. 1890ರಲ್ಲಿ ಜೇಮ್ಸ್ ಸ್ಟ್ರಾಂಗ್ ಅಚ್ಚು ಹಾಕಿಸಿದ ಪದಸೂಚಿ ಇದೆಯಲ್ಲ, ಇಂಗ್ಲಿಷ್ ಬೈಬಲಿನ ಒಂದೊಂದು ಪದಕ್ಕೂ ಮೂಲ ಹೀಬ್ರೂ, ಗ್ರೀಕ್ ಪದದ ನಂಬರ್ ಕೊಟ್ಟದ್ದು, ಎತ್ತಿದರೆ ಕೈ ನೋಯುವಂಥ ಪುಸ್ತಕ. ಅದು ಈಗ ಒಂದು ಕ್ಲಿಕ್. ಆ ಕ್ಲಿಕ್ಕಿಗೆ ಗ್ರಾಫಿಕ್ಸ್ ಕಾರ್ಡ್ ಯಾಕೆ ಬೇಕು? ಮೋಶೆ ಕೆಂಪು ಸಮುದ್ರ ಸೀಳುವುದನ್ನು ಫೋರ್‌ಕೆಯಲ್ಲಿ ನೋಡಲಿಕ್ಕಾ?

ನಮ್ಮ ಶನಿವಾರದ ಬೈಬಲ್ ಕ್ಲಾಸಿನಲ್ಲಿ ಆದದ್ದನ್ನೇ ಹೇಳುತ್ತೇನೆ. ಅದು ಮೀನುಗಾರಿಕೆ ನಿಷೇಧದ ಸಮಯ. ಜೂನ್, ಜುಲೈ ಎರಡು ತಿಂಗಳು ಬೋಟುಗಳೆಲ್ಲ ಬೈತಖೋಲ ಬಂದರಿನಲ್ಲಿ ನಿಂತಿರುತ್ತವೆ. ಹಾಗಾಗಿ ಕ್ಲಾಸಿಗೆ ಜನ ಜಾಸ್ತಿ. ಕ್ರೋಮ್‌ಬುಕ್‌ನಲ್ಲಿ ಆಲ್ಟ್ ಕೀ ಹಿಡಿದು ಎಡಗಡೆಯ ಚೌಕ ಬ್ರಾಕೆಟ್ ಒತ್ತಿದರೆ ಕಿಟಕಿ ಪರದೆಯ ಎಡ ಅರ್ಧಕ್ಕೆ ಕೂರುತ್ತದೆ. ಬಲಗಡೆಯದು ಒತ್ತಿದರೆ ಬಲಕ್ಕೆ. ಎಡಕ್ಕೆ ಲೂಕ 5, ಬಲಕ್ಕೆ ಯೋಹಾನ 21 ಇಟ್ಟೆ. ಎರಡರಲ್ಲೂ ರಾತ್ರಿಯಿಡೀ ಬಲೆ ಹಾಕಿದರೂ ಏನೂ ಸಿಗುವುದಿಲ್ಲ. ಆಮೇಲೆ ಯೇಸು ಹೇಳಿದ ಮೇಲೆ ಬಲೆ ತುಂಬಾ ಮೀನು. ಲೂಕನಲ್ಲಿ ಬಲೆ ಹರಿಯತೊಡಗುತ್ತದೆ. ಯೋಹಾನನಲ್ಲಿ 153 ದೊಡ್ಡ ಮೀನು ಬಿದ್ದರೂ ಹರಿಯುವುದಿಲ್ಲ.

ಯಾಕೆ ಅಂತ ಕೇಳಿದೆ. ನಾನು ದೊಡ್ಡದಾಗಿ ವ್ಯಾಖ್ಯಾನ ಮಾಡಲು ತಯಾರಾಗಿ ಬಂದಿದ್ದೆ. ಅಷ್ಟರಲ್ಲಿ ರಂಪಣಿ, ಅಂದರೆ ದಡಕ್ಕೆ ಎಳೆಯುವ ದೊಡ್ಡ ಬಲೆ, ಎಳೆದು ಅಭ್ಯಾಸ ಇರುವ ಒಬ್ಬ ಅಜ್ಜ ಹೇಳಿದರು: "ಅಲ್ಲಿ ದೋಣಿಗೆ ಎತ್ತಿದ್ದಾರೆ ಮಾರಾಯಾ, ಇಲ್ಲಿ ದಡಕ್ಕೆ ಎಳೆದಿದ್ದಾರೆ. ಎತ್ತಿದರೆ ಭಾರ ಪೂರ್ತಿ ಬಲೆ ಮೇಲೆ ಬೀಳುತ್ತದೆ." ಮತ್ತೆ ಪರದೆ ನೋಡಿದರೆ ಹೌದು! ಯೋಹಾನನಲ್ಲಿ ಬಲೆಯನ್ನು ದೋಣಿಗೆ ಎತ್ತಲು ಆಗಲೇ ಇಲ್ಲ ಅಂತ 6ನೇ ವಚನದಲ್ಲಿದೆ. ಎಳೆದುಕೊಂಡು ಬಂದರು ಅಂತ 8ರಲ್ಲಿದೆ. ನನ್ನ ವ್ಯಾಖ್ಯಾನ ಬ್ಯಾಗಿನಲ್ಲೇ ಉಳಿಯಿತು.

ಈ ಅಜ್ಜನಿಗೆ ಐ7 ಪ್ರೊಸೆಸರ್ ಬೇಕಿತ್ತಾ? ಎರಡು ಕಿಟಕಿ ಬೇಕಿತ್ತು, ಅಷ್ಟೇ. ಬಂಗಡೆಗೆ ಲಾರಿ ಬೇಡ ಅನ್ನುವುದು ಇದಕ್ಕೇ.

ಈಗ ಬುದ್ಧಿವಂತರು ಬರುತ್ತಾರೆ. "ಬೈಬಲ್ ಅಧ್ಯಯನದ ಸಾಫ್ಟ್‌ವೇರ್ ಲಾಗೋಸ್ ಇದರಲ್ಲಿ ಓಡುವುದಿಲ್ಲವಲ್ಲ?" ಓಡುತ್ತದೆ ಸ್ವಾಮಿ. ಅದರ ಡೆಸ್ಕ್‌ಟಾಪ್ ಆವೃತ್ತಿ ಮಾತ್ರ ವಿಂಡೋಸ್, ಮ್ಯಾಕ್‌ಗೆ. ಬ್ರೌಸರಿನಲ್ಲಿ ಲಾಗೋಸ್ ವೆಬ್ ಆಪ್ ತೆರೆಯಿರಿ. ನಿಮ್ಮ ಪುಸ್ತಕಗಳು, ನೋಟ್ಸು ಎಲ್ಲ ಅಲ್ಲೇ ಇರುತ್ತವೆ. ಡೆಸ್ಕ್‌ಟಾಪಿನ ಕೆಲವು ಸೌಲಭ್ಯ ಅದರಲ್ಲಿಲ್ಲ, ಒಪ್ಪಿದೆ. ಅವನ್ನು ನೀವು ಯಾವತ್ತು ಬಳಸಿದ್ದೀರಿ? ಸಾವಿರ ಪುಸ್ತಕದ ಲೈಬ್ರರಿ ಕೊಂಡು ಕೀರ್ತನೆ 23 ಮಾತ್ರ ಓದುವವರು ನನಗೂ ಗೊತ್ತು, ನಿಮಗೂ ಗೊತ್ತು. ಇ-ಸ್ವರ್ಡ್ ಅನ್ನುವ ಇನ್ನೊಂದು ಬೈಬಲ್ ಸಾಫ್ಟ್‌ವೇರ್ ಬಿಟ್ಟು ಇರಲಾರೆ ಅನ್ನುವವರು ವಿಂಡೋಸ್‌ನಲ್ಲೇ ಸುಖವಾಗಿರಿ. ಆಶೀರ್ವಾದ.

ಇನ್ನೊಂದು ಗುಂಪು: "ಕಾರವಾರದ ಮಳೆಯಲ್ಲಿ ನೆಟ್ ಹೋದರೆ ನಿಮ್ಮ ಕ್ಲೌಡ್ ಏನಾಗುತ್ತದೆ?" ನಿಜ, ಇಲ್ಲಿ ಆಕಾಶದ ಕ್ಲೌಡ್ ಬಂದರೆ ಕಂಪ್ಯೂಟರಿನ ಕ್ಲೌಡ್ ಹೋಗುತ್ತದೆ. ಅದಕ್ಕೇನೀಗ? ಈಗಿನ ಹೆಚ್ಚಿನ ಕ್ರೋಮ್‌ಬುಕ್‌ಗಳಲ್ಲಿ ಪ್ಲೇ ಸ್ಟೋರ್ ಇದೆ. ಯೂವರ್ಷನ್ ಆಪ್ ಹಾಕಿ. ಆಫ್‌ಲೈನ್‌ಗೆ ಬಿಟ್ಟಿರುವ ಆವೃತ್ತಿಯನ್ನು ಮಳೆಗಾಲಕ್ಕೆ ಮೊದಲೇ ಇಳಿಸಿಕೊಳ್ಳಿ. ಎಲ್ಲ ಆವೃತ್ತಿಗೂ ಆ ಅನುಮತಿ ಇರುವುದಿಲ್ಲ, ಮೊದಲು ನೋಡಿಕೊಳ್ಳಿ. ಉಪ್ಪು, ಮೆಣಸು, ಒಣಮೀನು ಎಲ್ಲ ಮೇ ತಿಂಗಳಲ್ಲೇ ತುಂಬಿಸಿ ಇಡುತ್ತೀರಿ, ಒಂದು ಬೈಬಲ್ ಇಳಿಸಲು ಆಗುವುದಿಲ್ಲವಾ? ಅದೂ ಆಗದಿದ್ದರೆ ಕಾಗದದ ಬೈಬಲ್ ಇದೆ. ಅದಕ್ಕೆ ಚಾರ್ಜರೂ ಬೇಡ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದೊಂದು ಕೇಳಿಸಿಕೊಳ್ಳಿ. ಪ್ರತಿ ಕ್ರೋಮ್‌ಬುಕ್‌ಗೂ ಅಪ್‌ಡೇಟ್ ನಿಲ್ಲುವ ತಾರೀಖು ಇರುತ್ತದೆ. 2021ರಿಂದ ಈಚಿನ ಮಾದರಿಗಳಿಗೆ 10 ವರ್ಷ ಅಂತ ಗೂಗಲ್ 2023ರಲ್ಲಿ ಹೇಳಿದೆ. ಆ 10 ವರ್ಷ ಎಣಿಸುವುದು ನೀವು ಕೊಂಡ ದಿನದಿಂದ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ ತಾರೀಖು ನೋಡಿ, ಆಮೇಲೆ ದುಡ್ಡು ಕೊಡಿ. ನಮ್ಮ ಕ್ಲಾಸಿನ ನಿವೃತ್ತ ಟೀಚರ್ ಒಬ್ಬರಿಗೆ ಅಂಗಡಿಯವ ಗೇಮಿಂಗ್ ಲ್ಯಾಪ್‌ಟಾಪ್ ಕಟ್ಟಿ ಕಳಿಸಿದ್ದಾನೆ. ಕೀಬೋರ್ಡ್ ಕೆಂಪು, ಹಸಿರು ಮಿಂಚುತ್ತದೆ. ಅವರು ಅದರಲ್ಲಿ ಜಪಸರ ಹೇಳುತ್ತಾರೆ!

ಇದನ್ನು ನೋಡಿದರೆ ಮೈ ಉರಿಯುತ್ತದೆ. ಕನ್ನಡದ ಪೂರ್ತಿ ಬೈಬಲ್ 1831ರಲ್ಲಿ ಬಳ್ಳಾರಿಯ ಮಿಷನರಿಗಳ ಕೆಲಸದಿಂದ ಬಂತು. ಅವರ ಹತ್ತಿರ ಎಷ್ಟು ಜಿಬಿ ರ‍್ಯಾಮ್ ಇತ್ತು? ಹೇಳಿ ಬ್ರದರ್! ಪೌಲ ಜೈಲಿನಲ್ಲಿ ಕೂತು ಪತ್ರ ಬರೆದ. ಅವನೇನು ವಿಂಡೋಸ್ ಅಪ್‌ಡೇಟ್ ಮುಗಿಯಲಿ ಅಂತ ಕಾಯುತ್ತಿದ್ದನಾ? ಲಾರಿ ಬೇಡ. ಬೇಡ ಅಂದರೆ ಬೇಡ. ಕಾರಣ ಕೇಳಬೇಡಿ, ಹೇಳಿ ಆಯಿತು.

ಮುಂದಿನ ವಾರ ಹಳೆ ಲ್ಯಾಪ್‌ಟಾಪಿಗೆ ಕ್ರೋಮ್ ಓಎಸ್ ಫ್ಲೆಕ್ಸ್ ಹಾಕಿ ಅದನ್ನೇ ಕ್ರೋಮ್‌ಬುಕ್ ಥರ ಮಾಡುವುದು ತೋರಿಸುತ್ತೇನೆ. ಅದರಲ್ಲಿ ಪ್ಲೇ ಸ್ಟೋರ್ ಬರುವುದಿಲ್ಲ, ಈಗಲೇ ಹೇಳಿದ್ದೇನೆ, ಆಮೇಲೆ ಬೈಯಬೇಡಿ. ಸಬ್‌ಸ್ಕ್ರೈಬ್ ಆಗಿ, ಗಂಟೆ ಒತ್ತಿ, ಶನಿವಾರ ಕ್ಲಾಸಿಗೆ ಬನ್ನಿ. ಚಹಾ ಇರುತ್ತದೆ, ಬಿಸ್ಕೆಟ್ ನೀವೇ ತನ್ನಿ.